ಡಿಬಗ್ ಟೂಲ್: ನಿನ್ನೆ ಹಾಕಿದ ಬ್ರೇಕ್‌ಪಾಯಿಂಟ್ ಇವತ್ತು ಯಾಕೆ ಇರೋದಿಲ್ಲ?

ಹಸಿರುಪರದೆ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷ ಜಾವಾದಲ್ಲಿ ಇದ್ದೆ, ಆರು ತಿಂಗಳ ಹಿಂದೆ ನನ್ನನ್ನು ಮೇನ್‌ಫ್ರೇಮ್ (ಬ್ಯಾಂಕಿನಂಥವರ ದೊಡ್ಡ ಕಂಪ್ಯೂಟರ್) ಟೀಮಿಗೆ ಹಾಕಿದರು. ಊರು ಹುಬ್ಬಳ್ಳಿ, ಕೆಲಸ ಬೆಂಗಳೂರು, ಕ್ಲೈಂಟ್ ಒಂದು ಬ್ಯಾಂಕು. ಅಲ್ಲಿನ ಭಾಷೆ ಕೋಬಾಲ್ ನಾನು ಹೆದರಿದಷ್ಟು ಕಷ್ಟ ಅಲ್ಲ, ಓದಿದರೆ ಅರ್ಥ ಆಗುತ್ತದೆ. ತಲೆ ಕೆಡಿಸಿರೋದು ಡಿಬಗ್ಗರ್, ಅಂದ್ರೆ ಪ್ರೋಗ್ರಾಮನ್ನು ನಿಲ್ಲಿಸಿ ತಪ್ಪು ಹುಡುಕೋ ಟೂಲ್.

ವಿಷಯ ಇಷ್ಟು. ಉಳಿತಾಯ ಖಾತೆಗೆ ದಿನದ ಬಡ್ಡಿ ಲೆಕ್ಕ ಹಾಕೋ ಒಂದು ಬ್ಯಾಚ್ ಪ್ರೋಗ್ರಾಂ ಇದೆ. ಕೆಲವು ಖಾತೆಗಳಲ್ಲಿ 1 ಪೈಸೆ ವ್ಯತ್ಯಾಸ ಬರ್ತಿದೆ, ಎಲ್ಲಾ ಖಾತೆಗಳಲ್ಲಿ ಅಲ್ಲ, ಕೆಲವರಲ್ಲಿ ಮಾತ್ರ. ಅದನ್ನು ಹುಡುಕೋಕೆ ಐಬಿಎಂ ಡಿಬಗ್ ಟೂಲ್‌ನಲ್ಲಿ (ಈಗ ಜೆಡ್‌ಓಎಸ್ ಡಿಬಗ್ಗರ್ ಅಂತಾರಲ್ಲ, ಅದೇ) 14 ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಜಾಗ) ಹಾಕಿಕೊಂಡಿದ್ದೇನೆ, ಮಾನಿಟರ್ ಕಿಟಕಿಯಲ್ಲಿ 9 ವೇರಿಯಬಲ್. ಮಾರನೆಯ ದಿನ ಜಾಬ್ ಸಬ್ಮಿಟ್ ಮಾಡಿದರೆ ಎಲ್ಲಾ ಖಾಲಿ. ಪಿಎಫ್ ಕೀ (ಫಂಕ್ಷನ್ ಕೀ) ಬದಲಾಯಿಸಿದ್ದೆ, ಅದೂ ಇಲ್ಲ. ಬಣ್ಣ ಬದಲಾಯಿಸಿದ್ದೆ, ಮತ್ತೆ ಹಳೇ ಬಣ್ಣ. ದಿನಾ ಬೆಳಿಗ್ಗೆ ಅರ್ಧ ಗಂಟೆ ಇದನ್ನೆಲ್ಲಾ ಮತ್ತೆ ಹೊಡೆಯೋದೇ ಕೆಲಸ.

ಮಾಡಿದ್ದು ಏನು ಅಂದ್ರೆ: ಸೆಷನ್ನಿನಲ್ಲಿ ಸೆಟ್ ಸೇವ್ ಬಿಪಿಎಸ್ (ಅಂದ್ರೆ ಬ್ರೇಕ್‌ಪಾಯಿಂಟ್ಸ್) ಆಟೋ ಹೊಡೆದೆ, ಆಮೇಲೆ ಸೆಟ್ ರಿಸ್ಟೋರ್ ಬಿಪಿಎಸ್ ಆಟೋ ಹೊಡೆದೆ. ಎರಡಕ್ಕೂ ಬೈಯಲಿಲ್ಲ, ಸುಮ್ನೆ ಒಪ್ಪಿಕೊಂಡಿತು. ಇದಕ್ಕೆ ಎರಡು ಡೇಟಾಸೆಟ್ (ಮೇನ್‌ಫ್ರೇಮಿನ ಫೈಲ್) ಬೇಕು ಅಂತ ಪಕ್ಕದ ಸೀಟಿನವರು ಹೇಳಿದರು, ಅದನ್ನೂ ಮಾಡಿದೆ. ನನ್ನ ಐಡಿ, ಚುಕ್ಕಿ, ಡಿಬಿಜಿಟೂಲ್, ಚುಕ್ಕಿ, ಸೇವ್‌ಬಿಪಿಎಸ್ ಅಂತ ಒಂದು, ಕೊನೆಗೆ ಸೇವ್‌ಸೆಟ್ಸ್ ಅಂತ ಇನ್ನೊಂದು. ಸೇವ್‌ಬಿಪಿಎಸ್ ತೆರೆದು ನೋಡಿದರೆ ಒಂದು ಮೆಂಬರೂ (ಒಳಗಿನ ಸಣ್ಣ ಫೈಲ್) ಇಲ್ಲ.

ಓಡಿಸೋದು ಬ್ಯಾಚ್ ಜಾಬ್ ಆಗಿ. ಜೆಸಿಎಲ್‌ನಲ್ಲಿ (ಜಾಬಿಗೆ ಕೊಡೋ ಸೂಚನೆಗಳು) ಸಿಇಇಆಪ್ಟ್ಸ್ ಡಿಡಿ (ಯಾವ ಫೈಲ್ ಅಂತ ತೋರಿಸೋ ಸಾಲು) ಕೊಟ್ಟು ಅದರಲ್ಲಿ ಟೆಸ್ಟ್ ಆಪ್ಷನ್, ವಿಟಿಎಎಂ, ಪರ್ಸೆಂಟ್ ಗುರುತು, ನನ್ನ ಐಡಿ. ಇನ್ನೊಂದು ಟರ್ಮಿನಲ್‌ನಲ್ಲಿ ಲಾಗಿನ್ ಆಗಿ ಕಾಯ್ತೀನಿ, ಪರದೆ ಬರುತ್ತೆ. ಅಲ್ಲಿಯವರೆಗೆ ಏನೂ ತೊಂದರೆ ಇಲ್ಲ.

(ಕಮಾಂಡ್‌ಗಳನ್ನೆಲ್ಲಾ ಕನ್ನಡದಲ್ಲೇ ಬರೆದಿದ್ದೇನೆ, ಮೊಬೈಲಿನಲ್ಲಿ ಕೀಬೋರ್ಡ್ ಬದಲಾಯಿಸಿ ಬದಲಾಯಿಸಿ ಸಾಕಾಯ್ತು. ಅರ್ಥ ಆಗುತ್ತೆ ಅಲ್ವಾ?)

ಜೆಸಿಎಲ್ ಜಾಣ

ಅರ್ಥ ಆಗುತ್ತೆ ಮೇಡಂ, ನಾನೂ ಹಾಗೇ ಬರೀತೀನಿ.

ಮೊದಲು ಒಂದು ಪ್ರಶ್ನೆ. ಆ ಸೇವ್‌ಬಿಪಿಎಸ್ ಡೇಟಾಸೆಟ್ ಅನ್ನು ಹೇಗೆ ಮಾಡಿದಿರಿ? ನಿಮ್ಮ ಜೆಸಿಎಲ್ ಲೈಬ್ರರಿ ಮುಂದೆ ಇಟ್ಟುಕೊಂಡು ಅದರ ಹಾಗೇ ಇನ್ನೊಂದು ಮಾಡಿದ್ರೆ ಅದು ಎಫ್‌ಬಿ 80 (ಪ್ರತಿ ರೆಕಾರ್ಡೂ 80 ಅಕ್ಷರ) ಆಗಿರುತ್ತೆ. ಹತ್ತರಲ್ಲಿ ಎಂಟು ಜನ ಹೀಗೇ ಮಾಡೋದು, ನಾನೂ ಮಾಡಿದ್ದೆ. ಐಎಸ್‌ಪಿಎಫ್ ಮೆನುವಿನ 3.4ರಲ್ಲಿ ಹೆಸರಿನ ಪಕ್ಕ ಐ ಅಂತ ಹಾಕಿ ನೋಡಿ. ರೆಕಾರ್ಡ್ ಫಾರ್ಮ್ಯಾಟ್ ವಿಬಿ (ಉದ್ದ ಬದಲಾಗೋದು) ಇರಬೇಕು, ರೆಕಾರ್ಡ್ ಉದ್ದ ಕಡಿಮೆ ಅಂದ್ರೆ 3204 ಇರಬೇಕು. 80 ಅಲ್ಲ, 3204. ಎಫ್‌ಬಿ 80 ಇದ್ರೆ ಅಳಿಸಿ, 3.2ರಲ್ಲಿ ಹೊಸದಾಗಿ ಮಾಡಿ.

ಸೇವ್‌ಸೆಟ್ಸ್ ಮತ್ತು ಸೇವ್‌ಬಿಪಿಎಸ್ ಎರಡೂ ವಿಬಿ, ಎರಡೂ 3204, ಆದರೆ ಜಾತಿ ಬೇರೆ. ಸೇವ್‌ಸೆಟ್ಸ್ ಸೀಕ್ವೆನ್ಷಿಯಲ್, ಅಂದ್ರೆ ಮೆಂಬರ್ ಇಲ್ಲದ್ದು, ಡೈರೆಕ್ಟರಿ ಬ್ಲಾಕ್ 0. ಸೇವ್‌ಬಿಪಿಎಸ್ ಮೆಂಬರ್ ಇರೋದು. ಅದನ್ನು ಮಾಡುವಾಗ ಡೇಟಾಸೆಟ್ ಟೈಪ್ ಜಾಗದಲ್ಲಿ ಲೈಬ್ರರಿ ಅಂತ ಕೊಡಿ, ಪಿಡಿಎಸ್‌ಇ (ಹೊಸ ಬಗೆಯ ಮೆಂಬರ್ ಡೇಟಾಸೆಟ್) ಆಗುತ್ತೆ. ಹಳೇ ಪಿಡಿಎಸ್ ಆದರೂ ನಡೆಯುತ್ತೆ, ಆದರೆ ಪ್ರತಿ ಸೆಷನ್ನಿಗೂ ಮೆಂಬರ್ ಮೇಲೆ ಮೆಂಬರ್ ಬರೆದು ಬರೆದು ಜಾಗ ತುಂಬಿಕೊಳ್ಳುತ್ತೆ, ಒಂದು ದಿನ ಇ37 ಅಬೆಂಡ್ (ಜಾಗ ಸಾಲದೆ ಅರ್ಧಕ್ಕೇ ಬೀಳೋದು) ಬಂದು ನಿಲ್ಲುತ್ತೆ, ಆಗ ಕಂಪ್ರೆಸ್ ಮಾಡಬೇಕು. ಪಿಡಿಎಸ್‌ಇಗೆ ಆ ಗೋಳಿಲ್ಲ.

ಇನ್ನೊಂದು, ಮುಖ್ಯವಾದದ್ದು ಇದೇ. ನೀವು ಬಿಪಿಎಸ್‌ಗೆ ಮಾತ್ರ ಆಟೋ ಹಾಕಿದ್ದೀರಿ. "ರಿಸ್ಟೋರ್ ಬಿಪಿಎಸ್ ಆಟೋ" ಅನ್ನೋದೇ ಒಂದು ಸೆಟ್ಟಿಂಗು. ಅದು ಎಲ್ಲಿ ಉಳಿಯಬೇಕು? ಸೇವ್‌ಸೆಟ್ಸ್‌ನಲ್ಲಿ. ಸೆಟ್ಟಿಂಗ್ಸ್ ಉಳಿಸು ಅಂತ ನೀವು ಹೇಳೇ ಇಲ್ಲ. ಹಾಗಾಗಿ ಬ್ರೇಕ್‌ಪಾಯಿಂಟ್ ಸರಿಯಾಗಿ ಉಳಿದಿದ್ದರೂ ಮಾರನೆಯ ದಿನ "ಇವಳ ಬ್ರೇಕ್‌ಪಾಯಿಂಟ್ ತಂದು ಹಾಕಬೇಕು" ಅನ್ನೋ ನೆನಪೇ ಡಿಬಗ್ಗರಿಗೆ ಇರೋದಿಲ್ಲ. ಆದ್ದರಿಂದ ಒಂದೇ ಸೆಷನ್ನಿನಲ್ಲಿ ಆರೂ ಹೊಡೆಯಿರಿ:

ಸೆಟ್ ಸೇವ್ ಸೆಟ್ಟಿಂಗ್ಸ್ ಆಟೋ
ಸೆಟ್ ರಿಸ್ಟೋರ್ ಸೆಟ್ಟಿಂಗ್ಸ್ ಆಟೋ
ಸೆಟ್ ಸೇವ್ ಬಿಪಿಎಸ್ ಆಟೋ
ಸೆಟ್ ರಿಸ್ಟೋರ್ ಬಿಪಿಎಸ್ ಆಟೋ
ಸೆಟ್ ಸೇವ್ ಮಾನಿಟರ್ಸ್ ಆಟೋ
ಸೆಟ್ ರಿಸ್ಟೋರ್ ಮಾನಿಟರ್ಸ್ ಆಟೋ

ಒಂದು ಸಲ ಸಾಕು, ದಿನಾ ಬೇಡ. ಮಾನಿಟರ್ ಬೇರೆ, ಬ್ರೇಕ್‌ಪಾಯಿಂಟ್ ಬೇರೆ ಅನ್ನೋದು ಗಮನದಲ್ಲಿರಲಿ, ಆದರೆ ಎರಡೂ ಹೋಗಿ ಕೂರೋದು ಆ ಸೇವ್‌ಬಿಪಿಎಸ್‌ನಲ್ಲೇ.

ಬ್ಯಾಚ್ ಅಂದ್ರಲ್ಲ, ಅದಕ್ಕೆ ಜೆಸಿಎಲ್‌ನಲ್ಲಿ ಎರಡು ಡಿಡಿ ಕಾರ್ಡ್ ಸೇರಿಸಿ. ಸೆಟ್ಟಿಂಗ್ಸ್ ಡೇಟಾಸೆಟ್‌ಗೆ ಡಿಡಿ ಹೆಸರು ಐ-ಎನ್-ಎಸ್-ಪಿ-ಎಸ್-ಎ-ಎಫ್-ಇ. ಬ್ರೇಕ್‌ಪಾಯಿಂಟ್‌ದಕ್ಕೆ ಐ-ಎನ್-ಎಸ್-ಪಿ-ಬಿ-ಪಿ-ಎಂ. ಎರಡಕ್ಕೂ ಡಿಸ್ಪ್ ಶೇರ್ ಕೊಡಿ. ಟಿಎಸ್‌ಓ (ನಾವು ಲಾಗಿನ್ ಆಗಿ ಕೆಲಸ ಮಾಡೋ ಸೆಷನ್) ಒಳಗೆ ಓಡಿಸಿದ್ರೆ ಅದು ನಿಮ್ಮ ಐಡಿ ಹಿಡಿದು ತಾನೇ ಹುಡುಕಿಕೊಳ್ಳುತ್ತೆ. ಬ್ಯಾಚಿನಲ್ಲಿ ನಾವೇ ಕೈ ಹಿಡಿದು ತೋರಿಸಿಬಿಟ್ಟರೆ ತಲೆನೋವಿಲ್ಲ.

ನಿಮ್ಮಲ್ಲಿ ಸಿಸ್ಟಂ ಪ್ರೋಗ್ರಾಮರ್ ಈ ಹೆಸರುಗಳನ್ನೇ ಬದಲಾಯಿಸಿರಬಹುದು. ಇಕ್ಯೂಎಆಪ್ಟ್ಸ್ ಅಂತ ಡಿಬಗ್ಗರಿನ ಆಯ್ಕೆಗಳ ಪಟ್ಟಿ ಇದೆ, ಅದರಲ್ಲಿ ಬೇರೆ ಹೆಸರಿನ ಮಾದರಿ ಕೊಡಬಹುದು, ಡೇಟಾಸೆಟ್ ಇಲ್ಲದಿದ್ದರೆ ತಾನೇ ಮಾಡಿಕೊಳ್ಳೋ ಹಾಗೂ ಇಡಬಹುದು. ಒಂದು ಮಾತು ಕೇಳಿ ನೋಡಿ.

ಗ್ರಹಣ

ಇಷ್ಟೆಲ್ಲಾ ಯಾಕೆ ಗುರು? ಎಕ್ಲಿಪ್ಸ್‌ನಿಂದ (ಲ್ಯಾಪ್‌ಟಾಪಿನಲ್ಲಿ ಕೋಡ್ ಬರೆಯೋ ಸಾಫ್ಟ್‌ವೇರ್) ರಿಮೋಟ್ ಡಿಬಗ್ ಮಾಡಿ. ಬ್ರೇಕ್‌ಪಾಯಿಂಟ್ ಎಲ್ಲಾ ನಿಮ್ಮ ಲ್ಯಾಪ್‌ಟಾಪಿನ ವರ್ಕ್‌ಸ್ಪೇಸಿನಲ್ಲೇ ಇರುತ್ತೆ. ನಾನು ಹಸಿರು ಪರದೆ (ಮೇನ್‌ಫ್ರೇಮ್ ಟರ್ಮಿನಲ್) ಬಿಟ್ಟು ಎರಡು ವರ್ಷ ಆಯ್ತು. ಜಾವಾದಿಂದ ಬಂದವರಿಗೆ ಅದೇ ಕೈಗೆ ಒಗ್ಗುತ್ತೆ.

ಜೆಸಿಎಲ್ ಜಾಣ

@ಗ್ರಹಣ ಲೈಸೆನ್ಸ್ ಇದ್ರೆ ಸರಿ, ಎಲ್ಲರ ಹತ್ರ ಇರಲ್ಲ. ಆಮೇಲೆ ವರ್ಕ್‌ಸ್ಪೇಸ್ ಕೆಟ್ಟಾಗ "ಹೊಸದು ಮಾಡ್ಕೊ" ಅಂತ ಸಪೋರ್ಟ್‌ನವರು ಹೇಳ್ತಾರಲ್ಲ, ಆಗ ಏನು ಮಾಡ್ತೀರಿ?

ಗ್ರಹಣ

ಬ್ರೇಕ್‌ಪಾಯಿಂಟ್ಸ್ ವ್ಯೂನಲ್ಲಿ ಎಕ್ಸ್‌ಪೋರ್ಟ್ ಇದೆ ಸ್ವಾಮಿ. ಫೈಲ್ ಮಾಡಿ ಇಟ್ಕೊಳ್ಳೋದು, ಹೊಸ ವರ್ಕ್‌ಸ್ಪೇಸಿಗೆ ಇಂಪೋರ್ಟ್ ಮಾಡೋದು. ಆದರೆ ಒಪ್ಕೋತೀನಿ, ಅದನ್ನು ಮಾಡಿ ಇಟ್ಕೋಬೇಕಿತ್ತು ಅಂತ ನೆನಪಾಗೋದು ವರ್ಕ್‌ಸ್ಪೇಸ್ ಅಳಿಸಿದ ಮೇಲೆ 😅

ಹಸಿರುಪರದೆ

ಜಾಣ ಅವರೇ, ನೂರಕ್ಕೆ ನೂರು ಹೌದು. ಎಫ್‌ಬಿ 80. ಜೆಸಿಎಲ್ ಲೈಬ್ರರಿ ನೋಡ್ಕೊಂಡೇ ಮಾಡಿದ್ದೆ 🙈

ಎರಡನ್ನೂ ಅಳಿಸಿ ಹೊಸದಾಗಿ ಮಾಡಿದೆ, ಡಿಡಿ ಸೇರಿಸಿದೆ, ಆರೂ ಕಮಾಂಡ್ ಹೊಡೆದೆ. ಮಧ್ಯಾಹ್ನ ಊಟಕ್ಕೆ ಮುಂಚೆ ಕ್ವಿಟ್ ಹೊಡೆದು, ಊಟ ಮುಗಿಸಿ ಬಂದು ಮತ್ತೆ ಸಬ್ಮಿಟ್ ಮಾಡಿದೆ. ಬಂತು! ಪಿಎಫ್ ಕೀ ಬಂತು, ಬಣ್ಣ ಬಂತು, 14 ಬ್ರೇಕ್‌ಪಾಯಿಂಟೂ ಬಂತು. ಪಕ್ಕದ ಸೀಟಿನವರಿಗೆ ಕರೆದು ತೋರಿಸಿದೆ.

ಆದರೆ ಖುಷಿ ಒಂದೇ ದಿನ. ಸಂಜೆ ಇನ್ನೂ ಮೂರು ಬ್ರೇಕ್‌ಪಾಯಿಂಟ್ ಸೇರಿಸಿದ್ದೆ, ಬೆಳಿಗ್ಗೆ ನೋಡಿದರೆ ಹಳೇ 14 ಮಾತ್ರ ಇವೆ, ಆ ಮೂರು ಇಲ್ಲ. ಆಮೇಲೆ ಹತ್ತೂವರೆಗೆ ಇನ್ನೊಂದು ಜಾಬ್ ಓಡಿಸಿದೆ, ಅದೇ ಬಡ್ಡಿ ಪ್ರೋಗ್ರಾಂ, ಆದರೆ ಐದೇ ಐದು ಖಾತೆ ಓದಿಸೋ ಒಂದು ಸಣ್ಣ ಡ್ರೈವರ್ ಬರೆದಿದ್ದೇನೆ, ಅದು ಇದನ್ನು ಕಾಲ್ ಮಾಡುತ್ತೆ. ಅದರಲ್ಲಿ ಬಣ್ಣ, ಪಿಎಫ್ ಕೀ ಎಲ್ಲಾ ಬಂತು, ಬ್ರೇಕ್‌ಪಾಯಿಂಟ್ ಒಂದೂ ಇಲ್ಲ. ಮೊದಲನೇ ಜಾಬ್ ಮತ್ತೆ ಓಡಿಸಿದರೆ 14 ಹಾಗೇ ಇವೆ. ಇದೇನು ಭೂತಚೇಷ್ಟೆ?

ಕಾಲಂ 72

ನೋಡಮ್ಮ, ಭೂತ ಏನೂ ಇಲ್ಲ. ಎರಡೂ ಬೇರೆ ಬೇರೆ ಕಾರಣ.

ಎರಡನೆಯದನ್ನು ಮೊದಲು ಹೇಳ್ತೀನಿ. ಸೇವ್‌ಬಿಪಿಎಸ್ ತೆರೆದು ಈಗ ಮೆಂಬರ್ ಪಟ್ಟಿ ನೋಡು. ನಿನ್ನ ಬಡ್ಡಿ ಪ್ರೋಗ್ರಾಮಿನ ಹೆಸರಿನಲ್ಲಿ ಒಂದು ಮೆಂಬರ್ ಇರುತ್ತೆ. ಆ ಹೆಸರು ಎಲ್ಲಿಂದ ಬಂತು? ಓಟ ಯಾವ ಲೋಡ್ ಮಾಡ್ಯೂಲ್‌ನಿಂದ (ಕಂಪೈಲ್ ಆಗಿ ಓಡೋಕೆ ತಯಾರಾದ ಪ್ರೋಗ್ರಾಂ) ಶುರುವಾಯ್ತೋ ಅದರ ಹೆಸರೇ ಮೆಂಬರ್ ಹೆಸರು. ಮೊದಲನೇ ಜಾಬ್ ಬಡ್ಡಿ ಪ್ರೋಗ್ರಾಮಿನಿಂದಲೇ ಶುರು, ಹಾಗಾಗಿ ಆ ಮೆಂಬರ್ ತೆಗೆದು ಓದಿತು. ಎರಡನೇ ಜಾಬ್ ಶುರುವಾಗೋದು ನಿನ್ನ ಡ್ರೈವರಿನಿಂದ. ಡ್ರೈವರ್ ಹೆಸರಿನ ಮೆಂಬರ್ ಇಲ್ಲ, ತರೋಕೆ ಏನೂ ಇಲ್ಲ. ಬಡ್ಡಿ ಪ್ರೋಗ್ರಾಂ ಒಳಗೆ ಕಾಲ್ ಆಗುತ್ತೆ ಅನ್ನೋದು ಅದಕ್ಕೆ ಲೆಕ್ಕಕ್ಕಿಲ್ಲ, ಬಾಗಿಲಲ್ಲಿ ನಿಂತವರ ಹೆಸರು ಮಾತ್ರ ಕೇಳುತ್ತೆ. ಸೆಟ್ಟಿಂಗ್ಸ್‌ಗೆ ಈ ಭೇದ ಇಲ್ಲ, ಅದಕ್ಕೇ ಬಣ್ಣ ಎರಡರಲ್ಲೂ ಬಂತು. ಡ್ರೈವರ್ ಜಾಬಿನಲ್ಲಿ ಒಂದು ಸಲ ಬ್ರೇಕ್‌ಪಾಯಿಂಟ್ ಹಾಕಿ ಕ್ವಿಟ್ ಮಾಡು, ಅದಕ್ಕೂ ಅದರದೇ ಮೆಂಬರ್ ಆಗುತ್ತೆ.

ಇನ್ನು ಆ ಮೂರು ಬ್ರೇಕ್‌ಪಾಯಿಂಟ್. ಸಂಜೆ ಸೆಷನ್ ಹೇಗೆ ಮುಗಿಸಿದೆ?

ಹಸಿರುಪರದೆ

ಸಂಜೆ ಏಳಕ್ಕೆ ಕ್ಯಾಬ್ ಇತ್ತು ಸರ್. ಎಸ್‌ಡಿಎಸ್‌ಎಫ್‌ಗೆ (ಜಾಬ್‌ಗಳ ಪಟ್ಟಿ ತೋರಿಸೋ ಪರದೆ) ಹೋಗಿ ಜಾಬ್ ಪಕ್ಕ ಸಿ, ಅಂದ್ರೆ ಕ್ಯಾನ್ಸಲ್, ಹಾಕಿ ಎಂಟರ್ ಹೊಡೆದು ಓಡಿದೆ. ದಿನಾ ಹಾಗೇ ಮಾಡೋದು.

ಕಾಲಂ 72

ಸಿಕ್ಕಿತಲ್ಲ ಕಳ್ಳ.

ಉಳಿಸೋ ಕೆಲಸ ನಡೆಯೋದು ಸೆಷನ್ ಮುಗಿಯುವಾಗ. ಬ್ರೇಕ್‌ಪಾಯಿಂಟ್ ಹಾಕಿದ ಕೂಡಲೇ ಡಿಸ್ಕಿಗೆ ಬರೆಯೋದಿಲ್ಲ. ನೀನು ಎಸ್‌ಡಿಎಸ್‌ಎಫ್‌ನಲ್ಲಿ ಸಿ ಹೊಡೆದರೆ ಜಾಬಿನ ಕತ್ತು ಹಿಸುಕಿದ ಹಾಗೆ, ಎಸ್222 ಅಬೆಂಡ್ ಆಗಿ ಬೀಳುತ್ತೆ, ಡಿಬಗ್ಗರಿಗೆ ಗಂಟುಮೂಟೆ ಕಟ್ಟಿಕೊಳ್ಳೋಕೆ ಸಮಯ ಎಲ್ಲಿ? ಊಟಕ್ಕೆ ಹೋದಾಗ ಕೂಡ ಹುಷಾರು. ಪರದೆ ಹಾಗೇ ಬಿಟ್ಟು ಹೋದರೆ ಕಾಯೋ ಸಮಯ ಮೀರಿ ಎಸ್522 ಬರುತ್ತೆ, ಅದೂ ಇದೇ ಜಾತಿ. ಕಮಾಂಡ್ ಸಾಲಿನಲ್ಲಿ ಕ್ವಿಟ್ ಹೊಡಿ, ನಿಜವಾಗ್ಲೂ ಮುಗಿಸಬೇಕಾ ಅಂತ ಕೇಳುತ್ತೆ, ವೈ ಕೊಡು. ಕ್ಯಾಬ್ ಡ್ರೈವರ್ ಅಷ್ಟು ಹೊತ್ತು ಕಾಯ್ತಾನೆ. ಪ್ರೋಗ್ರಾಂ ಮುಂದೆ ಪೂರ್ತಿ ಓಡಬೇಕು, ಡಿಬಗ್ಗರ್ ಮಾತ್ರ ಸಾಕು ಅಂದ್ರೆ ಕ್ವಿಟ್ ಡಿಬಗ್ ಅಂತ ಇದೆ, ಅದು ಬೇರೆ. ಬರೀ ಕ್ವಿಟ್ ಹೊಡೆದರೆ ಪ್ರೋಗ್ರಾಂ ಕೂಡ ಅಲ್ಲೇ ನಿಲ್ಲುತ್ತೆ.

ಈಗ ನೀನು ಕೇಳದೇ ಇರೋದು ಒಂದು ಹೇಳ್ತೀನಿ, ಯಾಕಂದ್ರೆ ಇದರಲ್ಲಿ ನಾನು ಸುಟ್ಟುಕೊಂಡಿದ್ದೇನೆ. ಬ್ರೇಕ್‌ಪಾಯಿಂಟ್ ವಾಪಸ್ ಬರದಿದ್ರೆ ಗೊತ್ತಾಗುತ್ತೆ, ಬೈದುಕೊಂಡು ಮತ್ತೆ ಹಾಕ್ತೀವಿ. ವಾಪಸ್ ಬಂದು ತಪ್ಪು ಜಾಗದಲ್ಲಿ ಕೂತರೆ ಗೊತ್ತೇ ಆಗಲ್ಲ.

ನಾನಾಗ ನೈಟ್ ಶಿಫ್ಟ್‌ನಲ್ಲಿದ್ದೆ, ಕ್ಲೈಂಟ್ ಹೆಸರು ಬೇಡ. ರಾತ್ರಿ ಹತ್ತಕ್ಕೆ ಒಂದು ಪ್ರೀಮಿಯಂ ಲೆಕ್ಕದ ಪ್ರೋಗ್ರಾಮಿನಲ್ಲಿ 1182ನೇ ಸಾಲಿಗೆ ಬ್ರೇಕ್‌ಪಾಯಿಂಟ್, ಅಲ್ಲಿ ಒಂದು ಕಂಪ್ಯೂಟ್ (ಲೆಕ್ಕ ಮಾಡೋ ಸಾಲು). ಹಿಂದಿನ ದಿನ ಉಳಿಸಿ ವಾಪಸ್ ಬಂದಿದ್ದು ಅದು, ಅವತ್ತು ಪ್ರೋಗ್ರಾಂ ಮತ್ತೆ ಕಂಪೈಲ್ ಆಗಿತ್ತು. ನನ್ನ ಕೋಡಿಗೆ ಯಾರೂ ಕೈ ಹಾಕಿರಲಿಲ್ಲ, ಒಂದು ಚುಕ್ಕಿ ಬದಲಾಗಿರಲಿಲ್ಲ. ಜಾಬ್ ಓಡಿಸಿದೆ, ನಿಲ್ಲಲಿಲ್ಲ. ಮತ್ತೆ ಓಡಿಸಿದೆ, ನಿಲ್ಲಲಿಲ್ಲ. ಓಹೋ, ಕಂಟ್ರೋಲ್ ಇಲ್ಲಿಗೆ ಬರ್ತಾನೇ ಇಲ್ಲ, ಮೇಲಿನ ಇಫ್ ತಪ್ಪಿದೆ ಅಂತ ತೀರ್ಮಾನ ಮಾಡಿ ಆ ಇಫ್ ಹಿಡಿದು ಮೂರು ಗಂಟೆ ಜಗ್ಗಾಡಿದೆ. ಮೇಲ್ ಬೇರೆ ಬರೆದೆ, ಕಂಡಿಷನ್ ತಪ್ಪಿದೆ ಅಂತ.

ಆಗಿದ್ದು ಏನು? ಬೇರೆ ಟೀಮಿನವರು ಒಂದು ಕಾಪಿಬುಕ್‌ಗೆ (ಹಲವು ಪ್ರೋಗ್ರಾಂ ಹಂಚಿಕೊಳ್ಳೋ ಕೋಡ್ ತುಣುಕು) ನಾಲ್ಕು ಫೀಲ್ಡ್ ಸೇರಿಸಿದ್ದರು, ನಾಲ್ಕು ಸಾಲು. ಕಂಪೈಲರ್ ಸಾಲು ಎಣಿಸುವಾಗ ಕಾಪಿಬುಕ್ ಬಿಚ್ಚಿ ಸೇರಿಸಿದ ಸಾಲುಗಳನ್ನೂ ಎಣಿಸುತ್ತೆ. ಕಾಪಿಬುಕ್ ಇರೋದು ಡೇಟಾ ಡಿವಿಷನ್‌ನಲ್ಲಿ, ಹಾಗಾಗಿ ಕೆಳಗಿನ ಪ್ರೊಸೀಜರ್ ಡಿವಿಷನ್ ಪೂರ್ತಿ ನಾಲ್ಕು ಸಾಲು ಕೆಳಗೆ ಜಾರಿತ್ತು. ನನ್ನ ಕಂಪ್ಯೂಟ್ 1186ಕ್ಕೆ ಹೋಗಿತ್ತು. ಬ್ರೇಕ್‌ಪಾಯಿಂಟ್ ಮಾತ್ರ ನಿಷ್ಠೆಯಿಂದ 1182ರಲ್ಲೇ ಬಂದು ಕೂತಿತ್ತು, ಅಲ್ಲಿ ಈಗ ಇದ್ದಿದ್ದು ನನ್ನ ಪಾಲಿಸಿಗೆ ಸಂಬಂಧವೇ ಇಲ್ಲದ ಇನ್ನೊಂದು ಇಫ್‌ನ ಒಳಗಿನ ಮೂವ್. ನಿಲ್ಲೋದು ಹೇಗೆ? ಬೆಳಗಿನ ಜಾವ ಟೀ ತರೋಕೆ ಹೋಗಿ ಬಂದು ಸುಮ್ನೆ ಸೋರ್ಸ್ ಕಿಟಕಿ ನೋಡ್ತಾ ಇದ್ದಾಗ ಕಣ್ಣಿಗೆ ಬಿತ್ತು. ಆ ಮೇಲ್ ವಾಪಸ್ ತಗೊಳ್ಳೋದೇ ಜಾಸ್ತಿ ಕಷ್ಟ ಆಯ್ತು.

ಅದಾದ ಮೇಲೆ ನಾನು ಉಳಿಸಬೇಕು ಅನ್ನೋ ಬ್ರೇಕ್‌ಪಾಯಿಂಟ್ ಯಾವುದನ್ನೂ ಸಾಲು ಸಂಖ್ಯೆಯಲ್ಲಿ ಹಾಕಲ್ಲ. ಪ್ರೋಗ್ರಾಂ ಶುರುವಿಗೆ ಆಟ್ ಎಂಟ್ರಿ ಹಾಕಿ ಪ್ರೋಗ್ರಾಂ ಹೆಸರು. ಪ್ಯಾರಾಗ್ರಾಫಿಗೆ (ಹೆಸರಿಟ್ಟ ಕೋಡ್ ಭಾಗ) ಆಟ್ ಲೇಬಲ್ ಹಾಕಿ ಪ್ಯಾರಾಗ್ರಾಫ್ ಹೆಸರು. ಸಾಲು ಎಷ್ಟೇ ಜಾರಲಿ, ಹೆಸರು ಜಾರಲ್ಲ. ಪ್ಯಾರಾಗ್ರಾಫಿನಲ್ಲಿ ನಿಂತ ಮೇಲೆ ಎರಡು ಸ್ಟೆಪ್ ಹಾಕಿದರೆ ಬೇಕಾದ ಕಡೆ ಹೋಗ್ತೀವಿ. ಸಾಲು ಸಂಖ್ಯೆಯದು ಅವತ್ತಿನ ಅವತ್ತಿಗೆ ಮಾತ್ರ.

ಮತ್ತೆ, ಸೆಷನ್ ಶುರುವಾದ ಕೂಡಲೇ ಲಿಸ್ಟ್ ಆಟ್ ಹೊಡೆದು ಒಂದು ಸಲ ಕಣ್ಣಾಡಿಸು. ಬಂದಿರೋದೆಲ್ಲಾ ಲಾಗ್ ಕಿಟಕಿಯಲ್ಲಿ ತೋರಿಸುತ್ತೆ. ಕಂಪೈಲ್ ಆದ ದಿನವಂತೂ ತಪ್ಪಿಸಬೇಡ.

ಕಿಕ್ಸ್ ಕಿಟ್ಟಿ

ಆನ್‌ಲೈನ್ ಕಡೆಯವರು ಈ ಥ್ರೆಡ್ ಓದಿ ಹಾಗೇ ಮಾಡಿ ಬೈಕೋಬೇಡಿ ಅಂತ ಒಂದು ಮಾತು ಸೇರಿಸ್ತೀನಿ. ಕಿಕ್ಸ್‌ನಲ್ಲಿ (ಆನ್‌ಲೈನ್ ವ್ಯವಹಾರ ನಡೆಸೋ ಸಾಫ್ಟ್‌ವೇರ್) ಆ ಡೇಟಾಸೆಟ್‌ಗೆ ಬರೆಯೋದು ನೀವಲ್ಲ, ರೀಜನ್, ಅಂದ್ರೆ ಓಡ್ತಿರೋ ಕಿಕ್ಸ್. ಹಾಗಾಗಿ ರೀಜನ್ನಿನ ಐಡಿಗೆ ನಿಮ್ಮ ಸೇವ್‌ಸೆಟ್ಸ್, ಸೇವ್‌ಬಿಪಿಎಸ್ ಮೇಲೆ ಅಪ್ಡೇಟ್ ಅನುಮತಿ ಬೇಕು. ರ‍್ಯಾಕ್ಎಫ್ (ಅನುಮತಿಗಳ ವ್ಯವಸ್ಥೆ) ನೋಡಿಕೊಳ್ಳೋರ ಹತ್ರ ಕೇಳಿ. ಸೈನ್ ಆನ್ ಆಗದೆ ಡೀಫಾಲ್ಟ್ ಐಡಿಯಲ್ಲೇ ಟ್ರಾನ್ಸಾಕ್ಷನ್ ಓಡಿಸಿದರೂ ಆಗಲ್ಲ, ನಿಮ್ಮ ಐಡಿಯಲ್ಲಿ ಸೈನ್ ಆನ್ ಆಗಿರಬೇಕು. ಯಾರದು ಅಂತ ಗೊತ್ತಿಲ್ಲದೆ ಯಾರ ಡೇಟಾಸೆಟ್ ಹುಡುಕೋದು ಅದು?

ಇನ್ನು ಡಿಟಿಸಿಎನ್ ಪ್ರೊಫೈಲ್. "ನನ್ನ ಬ್ರೇಕ್‌ಪಾಯಿಂಟ್ ಹೋಯ್ತು" ಅಂತ ನಮ್ಮಲ್ಲಿ ಬರೋ ಅರ್ಧ ಜನರಿಗೆ ಹೋಗಿರೋದು ಬ್ರೇಕ್‌ಪಾಯಿಂಟ್ ಅಲ್ಲ, ಈ ಪ್ರೊಫೈಲು. ಯಾವ ಟ್ರಾನ್ಸಾಕ್ಷನ್, ಯಾವ ಪ್ರೋಗ್ರಾಂ, ಯಾವ ಟರ್ಮಿನಲ್, ಯಾರ ಐಡಿ ಬಂದರೆ ಡಿಬಗ್ಗರ್ ಏಳಬೇಕು ಅಂತ ಹೇಳೋದು ಇದರಲ್ಲಿ. ನಿಮ್ಮ ಸೈಟ್‌ನಲ್ಲಿ ಇದನ್ನು ಟೆಂಪರರಿ ಸ್ಟೋರೇಜ್ ಕ್ಯೂನಲ್ಲಿ ಇಟ್ಟಿದ್ರೆ ರೀಜನ್ ಕೋಲ್ಡ್ ಸ್ಟಾರ್ಟ್ ಆದಾಗ ಹೋಗಿರುತ್ತೆ. ವಿಸ್ಯಾಮ್ ಫೈಲಿನಲ್ಲಿ ಇಟ್ಟಿದ್ರೆ ಉಳಿಯುತ್ತೆ. ಪ್ರೊಫೈಲ್ ಇಲ್ಲ ಅಂದ್ರೆ ಡಿಬಗ್ಗರೇ ಏಳಲ್ಲ, ಡಿಬಗ್ಗರ್ ಏಳದಿದ್ರೆ ಏನು ರಿಸ್ಟೋರ್ ಆಗುತ್ತೆ? ಪರದೆ ಬರ್ತಿಲ್ವಾ ಅಥವಾ ಪರದೆ ಬಂದು ಬ್ರೇಕ್‌ಪಾಯಿಂಟ್ ಇಲ್ವಾ, ಮೊದಲು ಅದು ನೋಡಿ.

ಜೆಸಿಎಲ್ ಜಾಣ

ಕಾಲಂ 72 ಸರ್ ಹೇಳಿದ ಕಾಪಿಬುಕ್ ಕಥೆಗೆ ಬಾಲ ಒಂದಿದೆ. ಟೆಸ್ಟ್ ಆಪ್ಷನ್‌ನಲ್ಲಿ ಸೆಪರೇಟ್ ಕೊಟ್ಟು ಕಂಪೈಲ್ ಮಾಡೋ ಕಡೆ ಡಿಬಗ್ ಮಾಹಿತಿ ಲೋಡ್ ಮಾಡ್ಯೂಲ್ ಒಳಗೆ ಇರಲ್ಲ, ಸಿಸ್‌ಡಿಬಗ್ ಫೈಲಿಗೆ ಹೋಗುತ್ತೆ (ಎಂಟರ್‌ಪ್ರೈಸ್ ಕೋಬಾಲ್ 5ರಲ್ಲಿ ಈ ಸೆಪರೇಟ್ ಇರಲಿಲ್ಲ, 6.2ರಲ್ಲಿ ವಾಪಸ್ ಬಂತು). ಲೋಡ್ ಇವತ್ತಿನದು, ಸಿಸ್‌ಡಿಬಗ್ ನಿನ್ನೆಯದು ಆಗಿಬಿಟ್ಟರೆ ಇನ್ನೊಂದು ರಾಮಾಯಣ. ಎರಡೂ ಒಂದೇ ಕಂಪೈಲಿನದಾ ಅಂತ ನೋಡಿಕೊಳ್ಳಿ.

ಮೇಡಂ, ಟೆಸ್ಟ್ ಆಪ್ಷನ್ ಕೊನೆಯಲ್ಲಿ ಕೋಲನ್ ಆದ ಮೇಲೆ ಪ್ರಿಫರೆನ್ಸ್ ಫೈಲ್ ಏನಾದ್ರೂ ಕೊಟ್ಟಿದ್ದೀರಾ? ಹಿರಿಯರು ಯಾರೋ ಕೊಟ್ಟಿದ್ದು ಅಂತ ಎಲ್ಲರೂ ನಕಲು ಮಾಡಿಕೊಂಡಿರ್ತಾರೆ, ಒಳಗೆ ಏನಿದೆ ಅಂತ ಯಾರೂ ಓದಿರಲ್ಲ. ಅದರಲ್ಲಿ ಸೆಟ್ ಸೇವ್ ನೋಆಟೋ ಅಂತ ಒಂದು ಸಾಲು ಕೂತಿದ್ರೆ ನೀವು ಎಷ್ಟು ಸಲ ಆಟೋ ಹೊಡೆದರೂ ಗಾಳಿಗೆ ಗುದ್ದಿದ ಹಾಗೆ. ಬೇಡ ಅಂದ್ರೆ ಕೋಲನ್ ಆದ ಮೇಲೆ ನಕ್ಷತ್ರ ಹಾಕಿ.

ಹಸಿರುಪರದೆ

ನಕ್ಷತ್ರವೇ ಇದೆ, ಫೈಲ್ ಇಲ್ಲ.

ಕಾಲಂ 72 ಸರ್, ಒಂದು ಸಂಶಯ. ಡ್ರೈವರ್ ಜಾಬು, ದೊಡ್ಡ ಜಾಬು ಎರಡಕ್ಕೂ ಅದೇ ಬ್ರೇಕ್‌ಪಾಯಿಂಟ್ ಬೇಕು. ಎರಡೂ ಕಡೆ ಕೈಯಲ್ಲಿ ಹಾಕಬೇಕಾ? ಮೆಂಬರ್ ಕಾಪಿ ಮಾಡಿ ಹೆಸರು ಬದಲಾಯಿಸಿದರೆ ನಡೆಯುತ್ತಾ?

ಕಾಲಂ 72

ಆ ಮೆಂಬರ್ ಒಳಗೆ ಕೈ ಹಾಕಬೇಡ. ಅದು ಡಿಬಗ್ಗರ್ ತನಗೋಸ್ಕರ ಬರೆದುಕೊಂಡಿರೋದು, ನಮಗಲ್ಲ.

ಹಳೇ ದಾರಿ ಒಂದಿದೆ, ಈ ಆಟೋ ಗೀಟೋಗಿಂತ ನನಗೆ ಅದೇ ಇಷ್ಟ. ಒಂದು ಸಾದಾ ಡೇಟಾಸೆಟ್‌ನಲ್ಲಿ ನಿನ್ನ ಕಮಾಂಡ್‌ಗಳನ್ನೆಲ್ಲಾ ಬರೆದಿಡು. ಆಟ್ ಎಂಟ್ರಿ, ಆಟ್ ಲೇಬಲ್, ಮಾನಿಟರ್ ಲಿಸ್ಟ್, ಏನು ಬೇಕೋ ಅದು. ಸೆಷನ್ ಶುರುವಾದ ಮೇಲೆ ಯೂಸ್ ಅಂತ ಬರೆದು ಡೇಟಾಸೆಟ್ ಹೆಸರು ಕೊಡು, ಎಲ್ಲಾ ಓಡುತ್ತೆ. ಯಾವ ಜಾಬಾದರೇನು, ಯಾವ ಡ್ರೈವರ್ ಆದರೇನು. ದಿನಾ ಟೈಪ್ ಮಾಡೋಕೂ ಬೇಜಾರು ಅಂದ್ರೆ ಟೆಸ್ಟ್ ಆಪ್ಷನ್‌ನಲ್ಲೇ ಕಮಾಂಡ್ ಫೈಲಿಗೆ ಜಾಗ ಇದೆ, ಎರಡನೆಯದು, ಅಲ್ಲಿ ಕೊಟ್ಟುಬಿಡು.

ಬರೆಯೋಕೆ ಸೋಮಾರಿತನ ಆದರೆ ಲಾಗ್ ಫೈಲ್ ತಗೋ. ಡಿಬಗ್ಗರ್ ಲಾಗ್ ಬರೆಯುವಾಗ ನೀನು ಹೊಡೆದ ಕಮಾಂಡನ್ನು ಹಾಗೇ ಬರೆಯುತ್ತೆ, ಅದು ಕೊಟ್ಟ ಉತ್ತರದ ಸಾಲಿಗೆಲ್ಲಾ ಕೋಬಾಲ್ ಕಾಮೆಂಟಿನ ಹಾಗೆ ನಕ್ಷತ್ರ ಹಾಕುತ್ತೆ. ಯಾಕೆ ಅಂದ್ರೆ ಆ ಲಾಗನ್ನೇ ನಾಳೆ ಕಮಾಂಡ್ ಫೈಲ್ ಆಗಿ ವಾಪಸ್ ಉಣಿಸಬಹುದು ಅಂತ. ನಿನ್ನೆಯ ಲಾಗ್ ಕಾಪಿ ಮಾಡಿ, ಬೇಡದ ಸ್ಟೆಪ್, ಗೋ, ಕ್ವಿಟ್ ಎಲ್ಲಾ ಅಳಿಸಿಬಿಡು, ಉಳಿದದ್ದು ನಿನ್ನ ಫೈಲು. ಕ್ವಿಟ್ ಅಳಿಸೋಕೆ ಮರೆತರೆ ಸೆಷನ್ ತೆರೆದ ಕ್ಷಣಕ್ಕೆ ಮುಚ್ಚಿಕೊಳ್ಳುತ್ತೆ, ನಗಬೇಡ, ಆಗಿದೆ.

ಬಣ್ಣ, ಪಿಎಫ್ ಕೀ, ಕಿಟಕಿ ಹಂಚಿಕೆ ಇವನ್ನು ಆಟೋಗೆ ಬಿಡು, ಅದಕ್ಕೆ ಅದು ಚೆನ್ನಾಗಿದೆ. ನಿಜವಾಗಿ ಬೇಕಾದ ಬ್ರೇಕ್‌ಪಾಯಿಂಟ್ ನಿನ್ನ ಕೈಬರಹದಲ್ಲೇ ಇರಲಿ. ಪ್ರೋಗ್ರಾಂ ಇನ್ನೊಬ್ಬರ ಕೈಗೆ ಹೋದಾಗ ಆ ಫೈಲ್ ಕೊಟ್ಟರೆ ಅವರಿಗೂ ಆಗುತ್ತೆ.

ಗ್ರಹಣ

ನಮ್ಮಲ್ಲಿ ಎಕ್ಸ್‌ಪೆಡಿಟರ್ (ಇನ್ನೊಂದು ಡಿಬಗ್ಗರ್) ಇದ್ದ ಕಾಲದಲ್ಲಿ ನಾವೂ ಹೀಗೇ ಮಾಡ್ತಿದ್ವಿ, ಇನಿಷಿಯಲ್ ಸ್ಕ್ರಿಪ್ಟ್ ಅಂತ ಪ್ಯಾನಲ್‌ನಲ್ಲೇ ಜಾಗ ಇತ್ತು. ಆಯ್ತು ಬಿಡಿ, ನಾನು ಸುಮ್ನಿರ್ತೀನಿ.

ಹಸಿರುಪರದೆ

ಎರಡು ದಿನ ಬಿಟ್ಟು ಬರೀತಿದ್ದೇನೆ. ಸರ್ ಹೇಳಿದ ಹಾಗೇ ಮಾಡಿದೆ. 14ರಲ್ಲಿ 11 ಬ್ರೇಕ್‌ಪಾಯಿಂಟ್ ಬೇಕೇ ಇರಲಿಲ್ಲ, ಭಯಕ್ಕೆ ಹಾಕಿದ್ದೆ ಅಷ್ಟೆ. ಉಳಿದ ಮೂರನ್ನು ಪ್ಯಾರಾಗ್ರಾಫ್ ಹೆಸರಿನಲ್ಲಿ ಹಾಕಿ ಫೈಲ್ ಮಾಡಿದೆ. ಎರಡೂ ಜಾಬಿಗೆ ಒಂದೇ ಫೈಲು. ಸಂಜೆ ಕ್ವಿಟ್ ಹೊಡೆದೇ ಕ್ಯಾಬ್ ಹತ್ತೋದು.

ಪೈಸೆಯೂ ಸಿಕ್ಕಿತು! ಬಡ್ಡಿ ಲೆಕ್ಕದ ಪ್ಯಾರಾಗ್ರಾಫಿನಲ್ಲಿ ನಿಂತು ಒಂದೊಂದೇ ಸ್ಟೆಪ್ ಹಾಕಿದೆ. ಒಂದು ಖಾತೆಯಲ್ಲಿ ಬಾಕಿ 18,320 ರೂಪಾಯಿ, ಬಡ್ಡಿ 3.5 ಪರ್ಸೆಂಟ್, ಒಂದು ದಿನಕ್ಕೆ. ಕ್ಯಾಲ್ಕುಲೇಟರ್‌ನಲ್ಲಿ 1.7567 ಬರುತ್ತೆ. ಮಾನಿಟರ್ ಕಿಟಕಿಯಲ್ಲಿ 1.75. ಪಕ್ಕದ ಖಾತೆ 18,300, ಅದಕ್ಕೆ 1.7548, ಕಿಟಕಿಯಲ್ಲಿ ಅದೂ 1.75, ಅದು ಸರಿ. ಕಂಪ್ಯೂಟ್‌ನಲ್ಲಿ ರೌಂಡೆಡ್ ಅನ್ನೋ ಒಂದು ಪದ ಬಿಟ್ಟುಹೋಗಿದೆ! ಅದಿಲ್ಲದಿದ್ರೆ ಕೋಬಾಲ್ ಉಳಿದ ದಶಮಾಂಶಗಳನ್ನು ಕತ್ತರಿಸಿ ಬಿಸಾಕುತ್ತೆ. ಅದಕ್ಕೇ ಎಲ್ಲಾ ಖಾತೆಯಲ್ಲೂ ಬರ್ತಿರಲಿಲ್ಲ, ಮೂರನೇ ಅಂಕಿ 5 ಅಥವಾ ಮೇಲೆ ಇದ್ದವರಿಗೆ ಮಾತ್ರ.

ಕಾಲಂ 72

ಭೇಷ್. ತಿದ್ದಿ ಕಂಪೈಲ್ ಮಾಡೋ ಮುಂಚೆ, ಆ ಪದ ಯಾರಾದರೂ ಬೇಕಂತಲೇ ಬಿಟ್ಟಿದ್ದಾರಾ ಅಂತ ಬ್ಯಾಂಕಿನವರನ್ನು ಕೇಳು. ಪೈಸೆ ಕತ್ತರಿಸೋದೇ ನಿಯಮ ಅಂತ ಎಲ್ಲೋ ಬರೆದಿಟ್ಟಿರ್ತಾರೆ.

ಮುಗಿದ ಮೇಲೆ ಕ್ಲಿಯರ್ ಆಟ್ ಹೊಡೆದು ಕ್ವಿಟ್ ಮಾಡು. ಆಟೋ ಆನ್ ಇದೆ ಅನ್ನೋದು ಮರೆತರೆ ಆರು ತಿಂಗಳ ನಂತರ ಬೇರೆ ಯಾವುದೋ ತೊಂದರೆಗೆ ಇದೇ ಪ್ರೋಗ್ರಾಂ ತೆರೆದಾಗ ಈ ಹಳೇ 14 ಎದ್ದು ಬಂದು ನಿಲ್ಲುತ್ತವೆ.

ಹಸಿರುಪರದೆ

ಕೇಳಿದೆ ಸರ್. ಬೇಕಂತ ಬಿಟ್ಟಿದ್ದಲ್ಲವಂತೆ. ಕ್ಲಿಯರ್ ಆಟ್ ಕೂಡ ಹೊಡೆದೆ, ಲಿಸ್ಟ್ ಆಟ್ ಖಾಲಿ ತೋರಿಸ್ತಿದೆ.